ಸೌಹಾರ್ದದ ಗುಂಡಿ

ಅಳತೆ ಸತ್ತು ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಐವತ್ತು ವರ್ಷ ಊರಿನ ಹೆಣಗಳಿಗೆಲ್ಲ ಗುಂಡಿ ತೋಡಿದ ಮನುಷ್ಯ. ಅವನಿಗೆ ಒಂದು ಗುಂಡಿ ಸಿಕ್ಕಿರಲಿಲ್ಲ.

ಅಳತೆ ಎನ್ನುವುದು ಊರು ಇಟ್ಟ ಹೆಸರು. ಊರ ಅಂಚಿನಲ್ಲಿ ಮೂರು ಧರ್ಮಕ್ಕೆ ಮೂರು ಸ್ಮಶಾನ, ನಡುವೆ ಆಳೆತ್ತರದ ಗೋಡೆ. ಒಬ್ಬರಿಗೆ ಆರಡಿ ಆಳ, ತಲೆ ಬೆಟ್ಟದ ಕಡೆ. ಇನ್ನೊಬ್ಬರಿಗೆ ಐದಡಿ, ತಲೆ ಹೊಳೆಯ ಕಡೆ. ಮೂರನೆಯವರಿಗೆ ತಳದಲ್ಲಿ ಕಲ್ಲು ಹಾಸಿ, ಮೇಲೆ ಹಲಗೆ ಇಟ್ಟು ಮಣ್ಣು ಮುಚ್ಚಬೇಕು. ಟೇಪು ಹಿಡಿಯದೆ ಮೂರನ್ನೂ ಕಣ್ಣಳತೆಯಲ್ಲೇ ತೋಡುತ್ತಿದ್ದ. ಮೂರು ಗೋಡೆ ಕೂಡುವ ಮೂಲೆಯಲ್ಲಿ ಒಂದು ತಗಡಿನ ಕೋಣೆ ಇತ್ತು. ಅದೇ ಅವನ ಮನೆ. ಒಲೆ, ನೀರಿನ ಡ್ರಮ್ಮು, ಗುದ್ದಲಿ, ಹಾರೆ, ಸಲಿಕೆ ಇಟ್ಟ ಮೇಲೆ ಉಳಿಯುವುದು ನಾಲ್ಕಡಿ ಜಾಗ. ಊರಿನವರನ್ನೆಲ್ಲ ಉದ್ದಕ್ಕೆ ಮಲಗಿಸಿದವನು ತಾನು ಜೀವಮಾನವೆಲ್ಲ ಕಾಲು ಮಡಚಿ ಮಲಗಿದ.

ಕೊನೆಯ ಹನ್ನೆರಡು ವರ್ಷ ಅವನ ಸೊಂಟ ಬಿದ್ದುಹೋಗಿತ್ತು. ತೋಡುತ್ತಿದ್ದವಳು ಮಗಳು. ಅವಳನ್ನು ಅವನು ಮೊಂಡಿ ಎನ್ನುತ್ತಿದ್ದ. ಹೆಸರಿಗೆ ತಕ್ಕಂತೆ ಇದ್ದಳು. ಕಟ್ಟಿಕೊಂಡವನು ಒಂದು ಏಟು ಹೊಡೆದ ದಿನವೇ ಅವನ ಬಟ್ಟೆಗಂಟನ್ನು ಬೀದಿಗೆ ಎಸೆದು ಅಪ್ಪನ ಮನೆಗೆ ಬಂದವಳು. ತೋಳು ಗಂಡಸರ ತೋಳಿನಷ್ಟು ಗಟ್ಟಿ. ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ ಒಲೆಯ ಮೇಲಿನ ಪಾತ್ರೆಯನ್ನು ಮಸಿಬಟ್ಟೆ ಇಲ್ಲದೆ ಇಳಿಸುತ್ತಿದ್ದಳು. ಹೆಂಗಸು ಸ್ಮಶಾನದೊಳಗೆ ಬರಬಾರದು ಎಂದು ಮೂರು ಧರ್ಮದವರೂ ಹೇಳುತ್ತಿದ್ದರು. ಆ ಒಂದು ವಿಷಯದಲ್ಲಿ ಮೂವರಿಗೂ ಮೊದಲಿಂದ ಒಮ್ಮತ. ಆದರೆ ಗುಂಡಿ ಮಾತ್ರ ಹೊತ್ತಿಗೆ ಸರಿಯಾಗಿ ಬೇಕು. ಹಾಗಾಗಿ ಅವಳು ಜನ ಬರುವ ಮೊದಲೇ ತೋಡಿ, ಗೋಡೆಯ ಆಚೆ ಹೋಗಿ ಕೂರಬೇಕು. ಗುರುಗಳು ಬಂದು ಪ್ರಾರ್ಥನೆ ಹೇಳಿ, ಮೊದಲ ಹಿಡಿ ಮಣ್ಣು ಹಾಕಿ ಹೊರಟ ಮೇಲೆ ಬಂದು ಮುಚ್ಚಬೇಕು. ತೋಡುವವಳು ಅವಳೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಗೊತ್ತಿಲ್ಲದವರ ಹಾಗೆ ಇದ್ದರು.

ಊರಿನಲ್ಲಿ ವರ್ಷಕ್ಕೊಮ್ಮೆ ಸೌಹಾರ್ದ ದಿನ ನಡೆಯುತ್ತಿತ್ತು. ಒಮ್ಮೆ ಮೂರು ಕಡೆಯವರೂ ಹೊಡೆದಾಡಿ, ಅಂಗಡಿಗಳು ಸುಟ್ಟು, ಒಂದೇ ವಾರದಲ್ಲಿ ಅಳತೆ ಇಪ್ಪತ್ತಮೂರು ಗುಂಡಿ ತೋಡಿದ್ದ. ಆಮೇಲೆ ಶುರುವಾದ ದಿನ ಅದು. ಕಬ್ಬಿಣದ ಗೇಟಿನ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬರು ಸಮಿತಿಯ ಅಧ್ಯಕ್ಷರು. ಪ್ರತಿ ವರ್ಷ ಅಳತೆಯನ್ನು ವೇದಿಕೆಗೆ ಕರೆಯುತ್ತಿದ್ದರು. ಮೂರೂ ಧರ್ಮಕ್ಕೆ ದುಡಿದ ಜೀವ, ಸೌಹಾರ್ದಕ್ಕೆ ನಡೆದಾಡುವ ಉದಾಹರಣೆ ಎಂದು ಹೇಳಿ ಕೊನೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮೂವರು ಗುರುಗಳು ಅವನ ಹೆಗಲ ಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಮೇಜಿನ ಕೆಳಗೆ ಕೈ ತೊಳೆಯುವ ದ್ರಾವಣದ ಬಾಟಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಅಪ್ಪ ಅದನ್ನು ನೋಡಿಯೂ ಹಲ್ಲು ಕಿರಿಯುತ್ತಿದ್ದ. ಹೋಗಲಿ ಬಿಡು, ಹೆಗಲ ಮೇಲೆ ಕೈಯನ್ನಾದರೂ ಇಟ್ಟರಲ್ಲ ಎನ್ನುತ್ತಿದ್ದ.

ಈ ಸಲ ಸೌಹಾರ್ದ ದಿನಕ್ಕೆ ಎರಡು ದಿನ ಬಾಕಿ ಇರುವಾಗ, ಬೆಳಿಗ್ಗೆ ಎದ್ದು ನೀರು ಕೇಳಿ, ನೀರು ತರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ.

ಅವಳು ಅಳಲಿಲ್ಲ. ಮೊದಲು ಕೆಲಸ. ಮುಖ ತೊಳೆದು ಉದ್ದನೆಯ ಗುರುಗಳ ಮನೆಗೆ ಹೋದಳು. ಆರಡಿ ಮೀರಿದ ಆಳು, ಮೆಲ್ಲಗೆ ಮಾತಾಡುವವರು. ಅವಳನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡೇ ಕಣ್ಣು ಒರೆಸಿಕೊಂಡರು. ಒಳ್ಳೆಯ ಮನುಷ್ಯ ಎಂದರು. ಆಮೇಲೆ, ನಮ್ಮ ಪುಸ್ತಕದಲ್ಲಿ ಅವನ ಹೆಸರಿಲ್ಲವಲ್ಲಮ್ಮ ಎಂದರು. ಅಲ್ಲಿಂದ ಕನ್ನಡಕದ ಗುರುಗಳ ಬಳಿ ಹೋದಳು. ಅವರು ಓದಿದವರು, ಎಲ್ಲದಕ್ಕೂ ನಿಯಮ ಗೊತ್ತು. ಬದುಕಿರುವಾಗ ನಮ್ಮ ಧರ್ಮಕ್ಕೆ ಬಂದಿದ್ದರೆ ಬೇರೆ ಮಾತು, ಸತ್ತ ಮೇಲೆ ಬರಲು ದಾರಿಯಿಲ್ಲ ಎಂದರು. ಬದುಕಿರುವಾಗ ಅಪ್ಪ ಒಮ್ಮೆ ಹೋಗಿ ಕೇಳಿದ್ದ. ನಿನ್ನ ಕೆಲಸದವರು ಒಳಗೆ ಬಂದರೆ ಉಳಿದವರು ಹೊರಗೆ ಹೋಗುತ್ತಾರೆ ಎಂದು ಇದೇ ಗುರುಗಳು ಕಳಿಸಿದ್ದರು. ಅದನ್ನು ನೆನಪಿಸಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ದಪ್ಪ ಗುರುಗಳು. ಅವರದು ನೇರ ಮಾತು.

"ನಮ್ಮಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಸಾಲು ಇದೆ. ಯಾರ ಸಾಲಲ್ಲಿ ಮಲಗಿಸಲಿ ನಿಮ್ಮಪ್ಪನ್ನ? ಪಕ್ಕದವರು ಸುಮ್ನಿರ್ತಾರಾ?"

"ಪಕ್ಕದವರು ಸತ್ತಿದಾರೆ ಗುರುಗಳೇ," ಎಂದಳು ಮೊಂಡಿ.

ಅವರು ಬಾಗಿಲು ಹಾಕಿಕೊಂಡರು.

ನಗರ ಕಚೇರಿಯವರ ಕೈಯಲ್ಲಿ ಅನಾಥ ಹೆಣಗಳಿಗೆಂದು ಒಂದು ಜಾಗ ಇತ್ತು. ಅಲ್ಲಿಯ ನೌಕರ ಅವಳ ಮಾತನ್ನೆಲ್ಲ ಕೇಳಿ, ಅದು ವಾರಸುದಾರರಿಲ್ಲದವರಿಗೆ ಮಾತ್ರ, ನೀನಿದ್ದೀಯಲ್ಲ ಎಂದ. ಆಮೇಲೆ, ಇನ್ನು ಎರಡು ದಿನ ಸೌಹಾರ್ದ ದಿನದ ರಜೆ, ಮುಗಿದ ಮೇಲೆ ಬಾ, ಸಾಹೇಬರು ಸಹಿ ಮಾಡಿದರೆ ನೋಡೋಣ ಎಂದ. ಸಂಜೆ ಅವಳು ಅಧ್ಯಕ್ಷರ ಕಾರ್ಖಾನೆಗೆ ಹೋದಳು. ಅಪ್ಪನನ್ನು ವೇದಿಕೆಯ ಮೇಲೆ ಹನ್ನೆರಡು ಸಲ ಕೂರಿಸಿದ ಮನುಷ್ಯ, ಒಂದು ಮಾತು ಹೇಳಿದರೆ ಯಾರಾದರೂ ಒಬ್ಬ ಗುರು ಒಪ್ಪಿಯಾರು ಎಂಬ ಆಸೆ ಅವಳಿಗೆ. ಅಧ್ಯಕ್ಷರು ಗಾಬರಿಯಾದರು. ಸತ್ತದ್ದಕ್ಕಲ್ಲ. ಈಗ ಮೂವರನ್ನೂ ಕೂರಿಸಿ ಇದನ್ನು ಎತ್ತಿದರೆ ಜಗಳವಾಗುತ್ತದೆ, ನಾಡಿದ್ದಿನ ಕಾರ್ಯಕ್ರಮ ನೀರುಪಾಲಾಗುತ್ತದೆ ಎಂದರು. ಅದೊಂದು ಮುಗಿಯಲಿ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ಅವಳ ಕೈ ಹಿಡಿಯಲು ಬಂದು, ಹಿಡಿಯದೆ ಬಿಟ್ಟರು.

ಮಾರನೆಯ ಬೆಳಿಗ್ಗೆ ಅವರ ಕಾರ್ಖಾನೆಯ ಗಾಡಿ ಬಂತು. ಅದರಲ್ಲಿ ಗೋಣಿಯಲ್ಲಿ ಸುತ್ತಿದ ಎರಡು ದಪ್ಪ ಐಸ್ ಗಡ್ಡೆ. ಕಾರ್ಯಕ್ರಮದ ಶರಬತ್ತಿನ ಅಂಗಡಿಗೆಂದು ತರಿಸಿದ್ದರಲ್ಲಿ ಎರಡನ್ನು ಅಪ್ಪನಿಗೆ ಕಳಿಸಿದ್ದರು. ಡ್ರೈವರ್ ಐಸ್ ಇಳಿಸಿ, ಅಧ್ಯಕ್ಷರು ಇನ್ನೊಂದು ಮಾತು ಹೇಳಿದ್ದಾರೆ ಎಂದ. ನಾಳೆ ಪಾರ್ಕಿನಲ್ಲಿ ಮೂವರು ಗುರುಗಳೂ ಸೇರಿ ಸೌಹಾರ್ದದ ಗಿಡ ನೆಡುತ್ತಾರೆ. ಅದಕ್ಕೆ ಒಂದು ಗುಂಡಿ ಬೇಕು. ಇವತ್ತು ಮಧ್ಯಾಹ್ನದೊಳಗೆ ತೋಡಿಡಬೇಕಂತೆ.

ಮೊಂಡಿ ಐಸನ್ನು ನೋಡಿದಳು. ಒಳಗೆ ಕಾಲು ಮಡಚಿಕೊಂಡೇ ಮಲಗಿದ್ದ ಅಪ್ಪನನ್ನು ನೋಡಿದಳು. ಹೆಣ ಸೆಟೆದು ಹಾಗೇ ಉಳಿದುಬಿಟ್ಟಿತ್ತು. ಮಂಡಿಯನ್ನು ಒತ್ತಿ ಒತ್ತಿ ಚಾಚಲು ರಾತ್ರಿಯೆಲ್ಲ ನೋಡಿದ್ದಳು. ಆಗಿರಲಿಲ್ಲ.

ಎಷ್ಟು ಆಳ ಎಂದು ಕೇಳಿದಳು.

"ಅದೆಲ್ಲ ನಂಗೊತ್ತಿಲ್ಲ. ಆಳೆತ್ತರದ ಗಿಡ. ನಿಂಗೆ ಗೊತ್ತಿರತ್ತಲ್ಲ."

"ಗೊತ್ತಿರತ್ತೆ," ಎಂದಳು.

ಅವಳ ಚಿಕ್ಕಮ್ಮ, ಅಮ್ಮನ ತಂಗಿ, ಅದೇ ಪಾರ್ಕಿನಲ್ಲಿ ಕಸ ಗುಡಿಸುವವಳು. ಮೊಂಡಿ ಅವಳನ್ನು ಕರೆದು ವಿಷಯ ಹೇಳಿದಾಗ ಅವಳು ಬಾಯಿಯ ಮೇಲೆ ಸೆರಗು ಒತ್ತಿಕೊಂಡಳು. ಬೇಡ ಕಣೇ, ಗೊತ್ತಾದರೆ ಚರ್ಮ ಸುಲೀತಾರೆ ಎಂದಳು. ಮೊಂಡಿ ಅಪ್ಪನನ್ನು ಕಂಬಳಿಯಲ್ಲಿ ಸುತ್ತತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ತಾನೇ ಎದ್ದು ಹೋಗಿ ಗೊಬ್ಬರ ಹೇರುವ ಕೈಗಾಡಿ ತಂದಳು.

ಗುಂಡಿಯ ಜಾಗವನ್ನು ಆರು ತಿಂಗಳು ಕೂತು ಗೊತ್ತು ಮಾಡಿದ್ದರು. ಮೂರೂ ಪ್ರಾರ್ಥನಾ ಮಂದಿರಗಳಿಂದ ಅಳೆದು ಸಮ ದೂರಕ್ಕೆ ಬಂದ ಜಾಗ, ಒಂದು ಗೇಣು ಯಾರಿಗೂ ಹತ್ತಿರವಲ್ಲ. ಗಿಡವೂ ಅಷ್ಟೆ. ಯಾರ ಧರ್ಮದಲ್ಲೂ ಹೆಸರಿಲ್ಲದ ಗಿಡ ಬೇಕೆಂದು ದೂರದ ನರ್ಸರಿಯಿಂದ ತರಿಸಿದ್ದರು. ನಾಳೆಯ ತನಕ ಯಾರಿಗೂ ಕಾಣಬಾರದೆಂದು ಜಾಗದ ಸುತ್ತ ನಾಲ್ಕೂ ಕಡೆ ಬಿಳಿ ಬಟ್ಟೆಯ ಪರದೆ ಕಟ್ಟಿದ್ದರು. ಪರದೆಯ ಮೇಲೆ ದಪ್ಪ ಅಕ್ಷರ: ನಾವೆಲ್ಲರೂ ಒಂದೇ ಮಣ್ಣಿನವರು. ಪರದೆಯ ಹೊರಗೆ ಕುರ್ಚಿ ಜೋಡಿಸುವವರ ಗದ್ದಲ, ಮೈಕಿನವನ ಹಲೋ ಹಲೋ. ಒಳಗೆ ಮೊಂಡಿ ಗುದ್ದಲಿ ಎತ್ತಿದಳು.

ಮೊದಲ ಒಂದಡಿ ಹುಲ್ಲುಬೇರು. ಆಮೇಲೆ ಗಟ್ಟಿ ಕೆಮ್ಮಣ್ಣು, ಹಾರೆ ಹಾಕಿದರೆ ಕಿಡಿ ಹಾರುವಂಥದ್ದು. ಮೂರಡಿಗೆ ಬೆವರು ಕಣ್ಣಿಗೆ ಇಳಿಯಿತು. ನಾಲ್ಕಡಿಗೆ ತೋಳು ನಡುಗಿತು. ಅಪ್ಪ ಬದುಕಿದ್ದಾಗ ಗೋಡೆಗೆ ಒರಗಿ ಕೂತು, ಸುಮ್ಮನೆ ಉಸಿರು ಬಿಡಬೇಡ, ಏಟಿನ ಜೊತೆ ಬಿಡು ಎಂದು ಹೇಳುತ್ತಿದ್ದ. ಏಟಿನ ಜೊತೆ ಬಿಟ್ಟಳು. ಆಳ, ಅಗಲ ಯಾವ ಧರ್ಮದ ಅಳತೆಯೂ ಅಲ್ಲ. ತಲೆ ಯಾವ ಕಡೆ ಎಂದು ಯೋಚಿಸಲಿಲ್ಲ. ಉದ್ದ ಮಾತ್ರ ಏಳಡಿ ತೋಡಿದಳು. ಕಾಲು ಚಾಚಲಿ.

ಮಧ್ಯಾಹ್ನದ ಊಟಕ್ಕೆ ಕೆಲಸದವರೆಲ್ಲ ನೆರಳಿಗೆ ಹೋದಾಗ ಇಬ್ಬರು ಹೆಂಗಸರು ಕೈಗಾಡಿ ತಳ್ಳಿಕೊಂಡು ಬಂದರು. ಮೇಲೆ ಮೂರು ಮೂಟೆ ಗೊಬ್ಬರ, ಕೆಳಗೆ ಕಂಬಳಿಯಲ್ಲಿ ಅಪ್ಪ. ಗೇಟಿನಲ್ಲಿ ಕಾವಲುಗಾರ ತಡೆದ. ಸೌಹಾರ್ದದ ಗಿಡಕ್ಕೆ ಗೊಬ್ಬರ ಎಂದಳು ಮೊಂಡಿ. ಅವನು ಎರಡೂ ಬಾಗಿಲು ತೆರೆದು, ಗಾಡಿಯ ಚಕ್ರ ಹೊಸಲಿಗೆ ಸಿಕ್ಕಿದಾಗ ತಾನೇ ಎತ್ತಿ ಕೊಟ್ಟ. ಅಪ್ಪನಿಗೆ ಹೆಗಲು ಕೊಟ್ಟ ಗಂಡಸು ಎಂದರೆ ಅವನೊಬ್ಬನೇ, ಅದೂ ಗೊತ್ತಿಲ್ಲದೆ.

ಇಳಿಸುವಾಗ ಹೆಣದ ಸೆಟೆತ ಸಡಿಲಿತ್ತು. ಮೊಂಡಿ ಗುಂಡಿಗೆ ಇಳಿದು ಒಂದು ಕಾಲನ್ನು ಚಾಚಿದಳು. ಚಾಚಿತು. ಇನ್ನೊಂದನ್ನು ಚಾಚಿದಳು. ಆಗ ಅತ್ತಳು. ಸದ್ದು ಹೊರಗೆ ಹೋಗದ ಹಾಗೆ ಕಂಬಳಿಯ ಅಂಚನ್ನು ಕಚ್ಚಿಕೊಂಡು ಅತ್ತಳು. ಚಿಕ್ಕಮ್ಮ ಮೇಲಿನಿಂದ, ಒಂದು ಒಳ್ಳೆ ಮಾತು ಹೇಳೋಕೆ ಒಬ್ಬ ಗುರು ಇಲ್ಲ, ನಾಯಿಗೆ ಹಾಕಿದ ಹಾಗೆ ಹಾಕ್ತಿದೀವಿ ಎಂದು ಗೋಳಾಡಿದಳು. ನಾಳೆ ಮಣ್ಣು ಹಾಕಲು ದೊಡ್ಡ ದೊಡ್ಡವರೇ ಬರುತ್ತಾರೆ ಎಂದು ಮೊಂಡಿ ಮೂಗು ಒರೆಸಿಕೊಂಡು ಮೇಲೆ ಬಂದಳು. ಮಣ್ಣು ಮುಚ್ಚಿ ಮೆಟ್ಟಿ ಗಟ್ಟಿ ಮಾಡಿದಳು. ನಡುವೆ ಗಿಡ ಹಿಡಿಯುವಷ್ಟು ಅಗಲಕ್ಕೆ ಮೇಲಿನ ಎರಡಡಿಯನ್ನು ಮಾತ್ರ ಹಾಗೇ ಬಿಟ್ಟು, ತಳಕ್ಕೆ ಗೊಬ್ಬರ ಹರಡಿದಳು. ನಾಳೆಗೆ ಬೇಕಾದಷ್ಟು ಬಿಟ್ಟು, ಮಿಕ್ಕ ಮಣ್ಣು ಅದೇ ಗಾಡಿಯಲ್ಲಿ ಹೊರಗೆ ಹೋಯಿತು.

ಆ ಹೊತ್ತಿಗೆ ಸರಿಯಾಗಿ ಪರದೆ ಸರಿಸಿಕೊಂಡು ಅಧ್ಯಕ್ಷರು ಬಂದರು. ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. ಚಿಕ್ಕಮ್ಮ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು. ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದರು.

"ಏನು ವಾಸನೆ ಇದು?"

"ಗೊಬ್ಬರ," ಎಂದಳು ಮೊಂಡಿ. "ಐವತ್ತು ವರ್ಷದ್ದು."

ಭೇಷ್ ಎಂದರು ಅಧ್ಯಕ್ಷರು. ಇವರಿಗೆ ಮಣ್ಣೆಂದರೆ ಚಪ್ಪಲಿಗೆ ಅಂಟುವ ಕೊಳೆ, ಹೊಸದಾಗಿ ಮೆಟ್ಟಿದ್ದು ಯಾವುದು, ಹಳೆಯದು ಯಾವುದು ಎಂದು ಏನು ಗೊತ್ತು. ನಾಳೆ ನೀನೂ ಗುಂಡಿಯ ಬಳಿ ನಿಲ್ಲು, ಒಗೆದ ಬಟ್ಟೆ ಹಾಕಿಕೊಂಡು ಬಾ, ನಿಮ್ಮಪ್ಪನ ಬಗ್ಗೆ ಮೈಕಿನಲ್ಲಿ ಎರಡು ಮಾತು ಹೇಳಿಸುತ್ತೇನೆ, ಹೆಣದ ಸುದ್ದಿ ಮಾತ್ರ ಎತ್ತಬೇಡ ಎಂದರು. ಎತ್ತುವುದಿಲ್ಲ ಎಂದಳು. ಐಸ್ ಸಾಕಾಯಿತಾ ಎಂದೂ ಕೇಳಿದರು. ಅವಳು ಬಗ್ಗಿ ಗುದ್ದಲಿಗೆ ಅಂಟಿದ ಮಣ್ಣು ಕೆರೆಯತೊಡಗಿದಳು.

ಮರುದಿನ ಬೆಳಿಗ್ಗೆ ಪಾರ್ಕು ತುಂಬಿತು. ಮೂರು ಕಡೆಯವರೂ ಬಂದಿದ್ದರು, ಮೂರು ಕಡೆ ಕೂತಿದ್ದರು. ಶಾಲೆಯ ಮಕ್ಕಳು ಹಾಡಿದರು. ಪತ್ರಿಕೆಯವರು ಬಂದರು. ಮೂವರು ಗುರುಗಳು ವೇದಿಕೆಯ ಮೇಲೆ ಅಪ್ಪಿಕೊಂಡರು, ಕ್ಯಾಮೆರಾದವನಿಗೆ ಸರಿಯಾಗಿ ಸಿಗಲಿಲ್ಲವೆಂದು ಇನ್ನೊಮ್ಮೆ ಅಪ್ಪಿಕೊಂಡರು. ಉದ್ದನೆಯವರು ಪ್ರೀತಿಯ ಬಗ್ಗೆ ಮಾತಾಡಿದರು. ಕನ್ನಡಕದವರು ಎಲ್ಲ ಧರ್ಮಗ್ರಂಥಗಳಿಂದ ಒಂದೊಂದು ಸಾಲು ಓದಿದರು. ದಪ್ಪ ಗುರುಗಳು ಮಣ್ಣಿಗೆ ಭೇದವಿಲ್ಲ ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಮೊಂಡಿ ಗುಂಡಿಯ ತಲೆದೆಸೆಯಲ್ಲಿ ನಿಂತು ಕೇಳಿಸಿಕೊಂಡಳು.

ಪರದೆ ಬಿಚ್ಚಿದರು. ಗಿಡವನ್ನು ಗುಂಡಿಯಲ್ಲಿ ಇಳಿಸಿ ನಿಲ್ಲಿಸಿದರು. ಈಗ ಮಣ್ಣು. ಮೊದಲ ಮಣ್ಣು ಯಾರು ಹಾಕಬೇಕೆಂದು ಆರು ತಿಂಗಳಲ್ಲಿ ತೀರ್ಮಾನವಾಗಿರಲಿಲ್ಲ. ಅದಕ್ಕೆ ಅಧ್ಯಕ್ಷರು ತಮ್ಮ ಕಾರ್ಖಾನೆಯಲ್ಲೇ ಒಂದು ಸಲಿಕೆ ಮಾಡಿಸಿದ್ದರು. ಒಂದು ಬಾಯಿ, ಮೂರು ಹಿಡಿ. ಹೊಳೆಯುವ ಬಣ್ಣ. ಮೂವರೂ ಒಟ್ಟಿಗೆ ಹಿಡಿದು ಒಟ್ಟಿಗೆ ಎತ್ತಬೇಕು. ಜೀವಮಾನದಲ್ಲಿ ಸಲಿಕೆ ಹಿಡಿಯದ ಮೂರು ಜೊತೆ ಕೈ. ಉದ್ದನೆಯವರು ಎತ್ತಿದರೆ ದಪ್ಪನೆಯವರ ಕಡೆ ವಾಲಿತು, ದಪ್ಪನೆಯವರು ಎಳೆದರೆ ಕನ್ನಡಕದವರು ಮುಗ್ಗರಿಸಿದರು. ಸಲಿಕೆ ಗುಂಡಿಯ ಮೇಲೆ ಬರುವ ಹೊತ್ತಿಗೆ ಅದರಲ್ಲಿ ಉಳಿದಿದ್ದದ್ದು ಒಂದು ಹಿಡಿ ಮಣ್ಣು. ಅದು ಜರ್ರೆಂದು ಒಳಗೆ ಬಿತ್ತು.

ಆಗ ಅದು ನಡೆಯಿತು. ಮೊಂಡಿ ಅದನ್ನು ಲೆಕ್ಕ ಹಾಕಿರಲಿಲ್ಲ, ಬಯಸಿಯೂ ಇರಲಿಲ್ಲ. ತೋಡಿದ ಗುಂಡಿ, ಹಸಿ ಮಣ್ಣಿನ ವಾಸನೆ, ಒಳಗೆ ಬಿದ್ದ ಮಣ್ಣಿನ ಸದ್ದು. ಮೂವತ್ತು ವರ್ಷದಿಂದ ಆ ಸದ್ದಿನ ಹಿಂದೆಯೇ ಒಂದೇ ಪ್ರಾರ್ಥನೆ ಹೇಳಿ ಅಭ್ಯಾಸವಾದ ನಾಲಿಗೆ. ಅಧ್ಯಕ್ಷರು ಗಿಡದ ಆಯುಸ್ಸಿಗೆ ಪ್ರಾರ್ಥಿಸಬೇಕೆಂದು ಕೋರಿದರು. ಮೈಕು ಅವರ ಕೈಯಲ್ಲೇ ಉಳಿಯಿತು, ಜನ ಕೂತಿದ್ದು ದೂರದಲ್ಲಿ. ಉದ್ದನೆಯ ಗುರುಗಳು ಕಣ್ಣು ಮುಚ್ಚಿ, ತಮ್ಮ ಮೆಲುದನಿಯಲ್ಲಿ ಶುರುಮಾಡಿದರು. ಮಣ್ಣೇ, ನಿನ್ನದನ್ನು ನೀನು ತೆಗೆದುಕೋ. ಎರಡು ಸಾಲು ಹೇಳಿದ ಮೇಲೆ ಅವರ ರೆಪ್ಪೆ ನಡುಗಿತು. ಎಡವಿದ್ದು ಅವರಿಗೆ ಗೊತ್ತಾಯಿತು. ನಡುವೆ ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ, ಹೇಗೂ ಉಳಿದಿಬ್ಬರಿಗೆ ನಮ್ಮ ಪ್ರಾರ್ಥನೆ ಗೊತ್ತಿಲ್ಲ ಎಂದುಕೊಂಡಿರಬೇಕು, ಕೊನೆಯ ತನಕ ಹೇಳಿ ಮುಗಿಸಿದರು. ಅವರಾದ ಮೇಲೆ ಕನ್ನಡಕದವರು. ಬಂದ ದಾರಿ ಮುಗಿಯಿತು, ಹೋಗುವ ಬಾಗಿಲು ತೆರೆದಿದೆ. ಅವರ ನಾಲಿಗೆಯೂ ಅದೇ ಜಾಡಿಗೆ ಬಿತ್ತು, ಅವರೂ ನುಂಗಿಕೊಂಡು ಮುಗಿಸಿದರು. ದಪ್ಪ ಗುರುಗಳದು ಯಾರಿಗೂ ಅರ್ಥವಾಗದ ಹಳೆಯ ಭಾಷೆ. ಆದರೆ ರಾಗ ಮೊಂಡಿಗೆ ಗೊತ್ತಿತ್ತು. ಗೋಡೆಯ ಆಚೆ ಕೂತು ಹನ್ನೆರಡು ವರ್ಷ ಕೇಳಿದ್ದು.

ಮೂರು ಪ್ರಾರ್ಥನೆಯನ್ನೂ ಬಲ್ಲವರು ಆ ಊರಿನಲ್ಲಿ ಇಬ್ಬರೇ ಇದ್ದರು. ಒಬ್ಬ ಆ ಗುಂಡಿಯ ತಳದ ಕೆಳಗಿದ್ದ. ಇನ್ನೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಜನರಿಗೆ ಅವಳು ಭಕ್ತಿಯಿಂದ ನಿಂತ ಹಾಗೆ ಕಂಡಿತು.

ಉಳಿದ ಮಣ್ಣನ್ನು ಅವಳೇ ಎಳೆದು ಮುಚ್ಚಿದಳು. ಗುರುಗಳು ನೀರು ಹೊಯ್ದರು. ಅಧ್ಯಕ್ಷರು ಮೈಕನ್ನು ಅವಳ ಬಾಯಿಗೆ ಹಿಡಿದು, ನಮ್ಮ ಅಳತೆಯ ಮಗಳು, ಇವತ್ತಿನ ಗುಂಡಿ ತೋಡಿದ ತಾಯಿ ಎಂದರು. ಚಪ್ಪಾಳೆ ನಿಲ್ಲುವ ತನಕ ಅವಳು ಕಾದಳು.

"ನಮ್ಮಪ್ಪ ಸತ್ತು ಎರಡು ದಿನ ಆಯ್ತು," ಎಂದಳು. "ಈ ಮೂವರ ಬಾಗಿಲಿಗೂ ಹೋದೆ. ಒಬ್ಬರು ಪುಸ್ತಕದಲ್ಲಿ ಹೆಸರಿಲ್ಲ ಅಂದ್ರು. ಒಬ್ಬರು ನಿಯಮ ಇಲ್ಲ ಅಂದ್ರು. ಒಬ್ಬರು ಸಾಲಲ್ಲಿ ಜಾಗ ಇಲ್ಲ ಅಂದ್ರು. ಅಧ್ಯಕ್ಷರು ಐಸ್ ಕೊಟ್ರು. ಹೆಣ ಮನೇಲಿಟ್ಕೊಂಡು ಗಿಡಕ್ಕೆ ಗುಂಡಿ ತೋಡು ಅಂದ್ರು. ತೋಡಿದೆ. ಏಳಡಿ ಉದ್ದ ತೋಡಿದೆ. ಅಪ್ಪ ಒಳಗಿದಾನೆ. ಈಗ ನೀವೆಲ್ಲ ನೋಡ್ತಾ ಇದ್ದ ಹಾಗೇ ಮೂವರೂ ಸೇರಿ ಮಣ್ಣು ಕೊಟ್ರಲ್ಲ, ಅದು ಅವನಿಗೇ."

ಮೂರು ಕಡೆಯಿಂದಲೂ ಒಟ್ಟಿಗೆ ಕೂಗು ಎದ್ದಿತು. ದಪ್ಪ ಗುರುಗಳು ಕೈಯನ್ನು ಬಟ್ಟೆಗೆ ಉಜ್ಜಿಕೊಳ್ಳತೊಡಗಿದರು. ಅಧ್ಯಕ್ಷರು, ಸುಳ್ಳು ಹೇಳ್ತಿದಾಳೆ ಎಂದು ಒಮ್ಮೆ, ಹುಚ್ಚು ಹಿಡಿದಿದೆ ಎಂದು ಒಮ್ಮೆ ಹೇಳಿದರು. ಉದ್ದನೆಯ ಗುರುಗಳು ಮಾತ್ರ ಸಮಾಧಾನ ಬಿಡದೆ, ನಾವು ಪ್ರಾರ್ಥಿಸಿದ್ದು ಗಿಡಕ್ಕೆ ಎಂದರು.

"ಹೆಣದ ಪ್ರಾರ್ಥನೆ ಹೇಳಿದ್ರಲ್ಲ," ಎಂದಳು ಮೊಂಡಿ. "ಗಿಡ ಸತ್ತಿರಲಿಲ್ಲವಲ್ಲ ಗುರುಗಳೇ."

ಅವರ ಪ್ರಾರ್ಥನೆಯ ಮೊದಲ ಸಾಲನ್ನು ಅವಳು ಮೈಕಿನಲ್ಲಿ ಹೇಳಿದಳು. ಉದ್ದನೆಯವರ ಕಡೆಯ ಜನ ಗಪ್ಪಾದರು. ಅವರಿಗೆ ಅದು ಗೊತ್ತಿತ್ತು, ತಮ್ಮ ತಮ್ಮ ಅಪ್ಪ ಅಮ್ಮಂದಿರ ಗುಂಡಿಯ ಬಳಿ ಕೇಳಿದ್ದು. ಕನ್ನಡಕದವರದನ್ನು ಹೇಳಿದಳು. ಆ ಕಡೆ ಗಪ್ಪಾಯಿತು. ದಪ್ಪನೆಯವರ ರಾಗವನ್ನು ಎತ್ತಿದಾಗ ಆ ಸಾಲಿನಲ್ಲಿ ಒಬ್ಬ ಮುದುಕ ಅಭ್ಯಾಸಬಲದಿಂದ ಎದ್ದು ನಿಂತು ತಲೆ ಬಾಗಿಸಿದ. ಗುರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಎಡವಿದ್ದು ತಾನೊಬ್ಬನೇ ಅಲ್ಲ ಎಂದು ಮೂವರಿಗೂ ಆಗಲೇ ಗೊತ್ತಾದದ್ದು. ಅವರ ಮುಖದಲ್ಲಿ ಅಷ್ಟು ನಿಜವಾದ ಒಗ್ಗಟ್ಟನ್ನು ಊರು ಯಾವತ್ತೂ ಕಂಡಿರಲಿಲ್ಲ.

ಅಧ್ಯಕ್ಷರು ಅವಳ ಹತ್ತಿರ ಬಂದು, ಹಲ್ಲು ಕಚ್ಚಿ, ಈಗಲೇ ತೆಗಿ ಅವನನ್ನ ಎಂದರು.

ಅವಳು ಹಾರೆಯನ್ನು ಅವರ ಕಾಲ ಬಳಿ ಹಾಕಿದಳು. "ನೀವು ತೆಗೀರಿ. ನಂಗೆ ಹೂಳೋದಷ್ಟೇ ಗೊತ್ತು."

ಯಾರೂ ಬಗ್ಗಲಿಲ್ಲ. ಅಧ್ಯಕ್ಷರು ಪೊಲೀಸಿನವನನ್ನು ಕರೆದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಹೂತ ಹೆಣ ತೆಗೆಯಲು ಸಾಹೇಬರ ಅಪ್ಪಣೆ ಬೇಕು, ಇವತ್ತು ರಜೆ ಎಂದ. ಪತ್ರಿಕೆಯವನು ಗುರುಗಳ ಮುಂದೆ ಪೆನ್ನು ಹಿಡಿದು ನಿಂತು, ತಾವು ಹೇಳಿದ ಪ್ರಾರ್ಥನೆ ಸಲ್ಲುತ್ತದೋ ಇಲ್ಲವೋ ಎಂದು ಕೇಳಿದ. ಸಲ್ಲುವುದಿಲ್ಲ ಎಂದರೆ ಗುರುಗಳ ಬಾಯಿಯ ಮಾತಿಗೆ ಬೆಲೆಯಿಲ್ಲ ಎಂದಾಯಿತು. ಸಲ್ಲುತ್ತದೆ ಎಂದರೆ ಅಳತೆ ಅವರವನಾದ. ಮೂವರೂ ಬಾಯಿ ಬಿಡಲಿಲ್ಲ. ಮೊಂಡಿ ಅವರ ಬಾಯಿಯನ್ನೇ ನೋಡುತ್ತ ನಿಂತಳು. ಅಷ್ಟು ಸುಖವನ್ನು ಅವಳು ಈ ವಯಸ್ಸಿನ ತನಕ ಕಂಡಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ.

"ಇನ್ನೊಂದು ಮಾತು," ಎಂದಳು ಮೈಕಿನಲ್ಲಿ. "ಇದೇ ನಾನು ತೋಡಿದ ಕೊನೇ ಗುಂಡಿ. ನಿಮ್ಮ ಹೆಣಕ್ಕೆ ನೀವೇ ತೋಡ್ಕೊಳ್ಳಿ."

ಮೈಕನ್ನು ನೆಲಕ್ಕೆ ಹಾಕಿ ಚಿಕ್ಕಮ್ಮನ ಕೈ ಹಿಡಿದುಕೊಂಡು ಹೊರಟಳು. ಗೇಟಿನ ತನಕ ಬಂದಿರಲಿಲ್ಲ, ಕನ್ನಡಕದ ಗುರುಗಳ ಗುಮಾಸ್ತ ಫೋನು ಹಿಡಿದುಕೊಂಡು ಹಿಂದೆಯೇ ಓಡಿ ಬಂದ. ಅವರ ಪೈಕಿಯ ದೊಡ್ಡ ಮನೆಯ ಯಜಮಾನರು ಈಗಷ್ಟೇ ತೀರಿಕೊಂಡರಂತೆ. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು, ಅದು ಅವರ ಕಟ್ಟಳೆ. ಬೆನ್ನ ಹಿಂದೆ ಅಷ್ಟೆಲ್ಲ ಗಲಾಟೆ ನಡೆಯುತ್ತಿದ್ದರೂ ಅವನು ಎಂದಿನ ಹಾಗೆಯೇ, ನಾಲ್ಕು ಗಂಟೆಗೆ ಒಂದು ಗುಂಡಿ ಎಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮೊಂಡಿ ನಿಲ್ಲಲಿಲ್ಲ.

ಮಧ್ಯಾಹ್ನವೆಲ್ಲ ಸತ್ತವರ ಕಡೆಯವರು ಊರು ಸುತ್ತಿದರು. ತೋಡುವವರು ಸಿಗಲಿಲ್ಲ. ಗಾರೆಯವನು ಹೆಣದ ಗುಂಡಿ ನನಗೆ ಆಗದು ಎಂದ. ಪೈಪು ಹಾಕುವವರು ಬಾಗಿಲು ಹಾಕಿಕೊಂಡರು. ಆ ಕೆಲಸ ಕೀಳು ಎಂದು ಎಲ್ಲರಿಗೂ ಕಲಿಸಿದವರು ಇವರೇ ತಾನೆ, ಜನ ಚೆನ್ನಾಗಿ ಕಲಿತಿದ್ದರು. ಮೂರು ಗಂಟೆಗೆ ಸತ್ತವರ ಇಬ್ಬರು ಗಂಡುಮಕ್ಕಳು ಮೊಂಡಿಯ ಬಾಗಿಲಿಗೆ ಬಂದು ನಿಂತರು. ಗುರುಗಳೂ ಬಂದರು. ಪುಸ್ತಕ, ನಿಯಮ, ಎಲ್ಲವನ್ನೂ ಕೂತು ಮಾತಾಡೋಣ, ಇವತ್ತೊಂದು ಸಲ ನಡೆಸಿಕೊಡು ಎಂದರು. ಅವಳು ಗುದ್ದಲಿಯನ್ನೂ ಸಲಿಕೆಯನ್ನೂ ಬಾಗಿಲ ಹೊರಗೆ ಇಟ್ಟಳು. ಐದಡಿ, ತಲೆ ಹೊಳೆಯ ಕಡೆ ಎಂದಳು. ಮತ್ತೆ ಒಳಗೆ ಹೋದಳು.

ಮಕ್ಕಳಿಗೆ ಕಾಲಿನ ಬೂಟು ಬಿಚ್ಚಲು ಮನಸ್ಸು ಬರಲಿಲ್ಲ. ಹತ್ತು ಏಟಿಗೆ ದೊಡ್ಡವನ ಅಂಗೈ ಬೊಬ್ಬೆ ಎದ್ದಿತು. ಚಿಕ್ಕವನು ಗುದ್ದಲಿಯನ್ನು ತನ್ನ ಕಾಲಿಗೇ ಹಾಕಿಕೊಂಡ. ಕೊನೆಗೆ ಕನ್ನಡಕದ ಗುರುಗಳೇ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದರು. ಮೊಂಡಿ ಗೋಡೆಯ ಮೇಲೆ ಹತ್ತಿ ಕೂತಳು. ಕಾಲು ಇಳಿಬಿಟ್ಟುಕೊಂಡು, ಅಲ್ಲಾಡಿಸುತ್ತ ನೋಡಿದಳು. ಗುರುಗಳು ಒಂದು ಸಲಿಕೆ ಮಣ್ಣು ಮೇಲೆ ಹಾಕಿದರೆ ಅರ್ಧ ಅವರ ತಲೆಯ ಮೇಲೆಯೇ ಬೀಳುತ್ತಿತ್ತು. ಕನ್ನಡಕದ ಗಾಜು ಕೆಂಪಗಾಯಿತು. ಉಸಿರು ಸಿಳ್ಳೆ ಹೊಡೆಯಿತು. ಗೋಡೆಯ ಆಚೆ ಹೆಣ ಹೊತ್ತವರು ಬಂದು, ಇಳಿಸಲು ಜಾಗವಿಲ್ಲದೆ ಹೆಗಲು ಬದಲಿಸಿಕೊಳ್ಳುತ್ತ ನಿಂತರು. ಅವಳಿಗೆ ಯಾರ ಮೇಲೂ ಅಯ್ಯೋ ಅನಿಸಲಿಲ್ಲ.

ಸೊಂಟದ ಮಟ್ಟಕ್ಕೆ ಬಂದಾಗ ಗುರುಗಳು ತಲೆಯೆತ್ತಿ, ಸಾಕೇನಮ್ಮ ಎಂದು ಕೇಳಿದರು. ಸಾಲದು ಎಂದಳು. ಎದೆಮಟ್ಟಕ್ಕೆ ಬಂದಾಗ ಕೇಳಿದರು. ಸಾಲದು. ಸೂರ್ಯ ಗೋಡೆಗೆ ಇಳಿದಿದ್ದ. ಗುರುಗಳ ಅಂಗೈಯಿಂದ ರಕ್ತ ಸಲಿಕೆಯ ಹಿಡಿಗೆ ಅಂಟಿತ್ತು. ನೆತ್ತಿಯ ತನಕ ಮಣ್ಣಿನೊಳಗೆ ನಿಂತು ಅವರು ಮೂರನೆಯ ಸಲ ಅವಳ ಮುಖ ನೋಡಿದರು. ಅಪ್ಪನಿಂದ ಕಲಿತ ಕಣ್ಣು ಅವಳದು, ಒಂದು ಬೆರಳಷ್ಟೂ ತಪ್ಪುತ್ತಿರಲಿಲ್ಲ. ಆ ಗುಂಡಿ ಐದಡಿ ಆಗಿ ಎಷ್ಟೋ ಹೊತ್ತಾಗಿತ್ತು.

"ಇನ್ನೂ ಅಗೀರಿ," ಎಂದಳು.